ಕನ್ನಡಕ ತೆಗೆದು ಯುದ್ಧ ನೋಡುತ್ತಿದ್ದ ಟೀಚರ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಒಂದೇ ಯುದ್ಧದಲ್ಲಿ ಮೂರು ಸಲ ಸತ್ತವನು. ಬೆಳಿಗ್ಗೆ ನಮ್ಮ ಕಡೆಯ ಭರ್ಜಿಯವನಾಗಿ ಸತ್ತೆ. ತಿಂಡಿ ಆದ ಮೇಲೆ ರುಮಾಲು ಬದಲಾಯಿಸಿಕೊಂಡು ಶತ್ರುಗಳ ಕಡೆಯವನಾಗಿ ಸತ್ತೆ. ಮೂರನೆಯ ಸಲ ಬರೀ ಹೆಣ. ಯಾವ ಕಡೆಯ ಹೆಣ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಡವಟ್ಟಾದದ್ದು ಈ ಮೂರನೆಯ ಸಾವಿನಲ್ಲಿ. ಸಿನಿಮಾದ ನಾಯಕ ನನ್ನ ಪಕ್ಕದಲ್ಲಿ ಮಂಡಿಯೂರಿ, ಆಕಾಶ ನೋಡುತ್ತಾ, ನಾಡು ನುಡಿಯ ಮೇಲೆ ಉದ್ದದ ಮಾತು ಶುರು ಮಾಡಿದ್ದ. ನನ್ನನ್ನು ಮಲಗಿಸಿದ್ದು ಗುಡ್ಡದಂಚಿನ ಒಂದು ಮರದ ಕೆಳಗೆ, ಅದರಲ್ಲಿ ಚಗಳಿ ಇರುವೆಯ ಗೂಡಿತ್ತು. ಮಾತು ಅರ್ಧಕ್ಕೆ ಬರುವ ಹೊತ್ತಿಗೆ ಒಂದಷ್ಟು ಚಗಳಿಗಳು ನನ್ನ ಕಚ್ಚೆಯೊಳಗೆ ಇಳಿದವು. ಹೆಣ ಎದ್ದು ನಿಂತಿತು. ನಿಂತದ್ದಷ್ಟೇ ಅಲ್ಲ, ಕುಣಿಯಿತು. ಡೈರೆಕ್ಟರ್ ಮೈಕಿನಲ್ಲಿ ಏನು ಬೈದರು ಎಂಬುದನ್ನು ಅವರದೇ ದನಿಯಲ್ಲಿ ಮಾಡಿ ತೋರಿಸಬಲ್ಲೆ, ಬರೆಯುವುದಕ್ಕಾಗುವುದಿಲ್ಲ.

ಇಡೀ ಸೈನ್ಯ ಬಿದ್ದು ಬಿದ್ದು ನಕ್ಕಿತು. ನಗದೆ ಕೂತವರು ಒಬ್ಬರೇ. ಗುಡ್ಡದ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಬಿಸಿಲಿಗೆ ಕಪ್ಪು ಛತ್ರಿ ಹಿಡಿದು ಕೂತಿದ್ದ ನಮ್ಮ ಹೈಸ್ಕೂಲಿನ ಹಿಸ್ಟರಿ ಟೀಚರ್. ಆ ಸಿನಿಮಾಕ್ಕೆ ಅವರು ಇತಿಹಾಸ ಸಲಹೆಗಾರರು. ಮೈ ಕೆರೆಯುತ್ತಾ ಹತ್ತಿರ ಹೋದೆ.

"ಬೆಳಿಗ್ಗೆಯಿಂದ ಈ ಗುಡ್ಡದ ಮೇಲೆ ನಡೆದ ನಿಜವಾದ ಘಟನೆ ಇದೊಂದೇ ಕಣೋ," ಅಂದರು. "ಯುದ್ಧದಲ್ಲಿ ಹೀಗೆಲ್ಲ ಆಗಿರತ್ತೆ. ಯಾರೂ ಬರೆದಿಡಲ್ಲ ಅಷ್ಟೆ."

ಟೀಚರ್ ಹೋದ ತಿಂಗಳು ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ದೀಪದ ಚಿತ್ರ ಹಾಕಿದರು. ಒಬ್ಬ ಮಾತ್ರ, "ಲೋ, ಟೀಚರ್ ದನಿ ಒಂದ್ಸಲ ಮಾಡಿ ಕಳ್ಸು ಮಾರಾಯ, ಕೇಳಣ ಅನ್ನಿಸ್ತಿದೆ" ಎಂದು ಕೇಳಿದ. ನಾನು ಊರಿನವರನ್ನೆಲ್ಲ ಅಣಕಿಸುವವನು. ಆಲ್ದೂರು ಬಸ್ಸಿನ ಕಂಡಕ್ಟರು, ಕಾಫಿ ರೇಟ್ ಕೇಳಿದೊಡನೆ ಉಸಿರು ಬಿಡುವ ಪ್ಲಾಂಟರುಗಳು, ಬ್ಯಾಂಕಿನವರ ಫೋನ್ ಬಂದರೆ ಹೆಣ್ಣುದನಿಯಾಗುವ ನನ್ನಪ್ಪ, ಸ್ಟೇಜಿನ ಮೇಲೆ ಹುಲಿಯಾಗಿ ಕೆಳಗಿಳಿದೊಡನೆ ಬೆಕ್ಕಾಗುವ ನಾನು, ಎಲ್ಲರೂ ಬರುತ್ತಾರೆ. ಟೀಚರ್ ದನಿಯೂ ಬರುತ್ತದೆ. ಒಂಬತ್ತನೇ ಕ್ಲಾಸಿನಲ್ಲೇ ಬರುತ್ತಿತ್ತು. ಒಂದು ದಿನ ಅವರು ಬರುವ ಮೊದಲು ಮುಂದೆ ನಿಂತು, ಯಾರದ್ದೋ ಛತ್ರಿ ಕೈಗೆ ನೇತುಹಾಕಿಕೊಂಡು, "ಸಾಕ್ಷಿ ಇಲ್ದೆ ನಿಮ್ಮಪ್ಪನ್ನೂ ನಂಬಬೇಡಿ ಮಕ್ಳೇ" ಎಂದು ಶುರುಮಾಡಿ ಯಾವುದೋ ಯುದ್ಧದ ಪಾಠ ಹೇಳುತ್ತಿದ್ದೆ. ನಗುತ್ತಿದ್ದ ಕ್ಲಾಸು ಇದ್ದಕ್ಕಿದ್ದಂತೆ ಪುಸ್ತಕ ತೆರೆಯಿತು. ಟೀಚರ್ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ದನಿ ಸರಿಯಾಗಿದೆ," ಅಂದರು. "ಇಸವಿ ತಪ್ಪು."

ಅಷ್ಟೇ. ಹೊಡೆಯಲಿಲ್ಲ, ಬೈಯಲಿಲ್ಲ. ಆ ಇಸವಿಯನ್ನು ಬೋರ್ಡಿನ ಮೇಲೆ ಬರೆದು ಪಾಠ ಮುಂದುವರಿಸಿದರು. ನನ್ನ ಕಲೆಗೆ ಇವತ್ತಿನವರೆಗೆ ಬಂದ ವಿಮರ್ಶೆಗಳಲ್ಲಿ ಅದೇ ಒಳ್ಳೆಯದು.

ಆಲ್ದೂರಿನ ಪೇಟೆಯಲ್ಲಿ ಅವರ ತಮ್ಮನ ದಿನಸಿ ಅಂಗಡಿ. ಅಂಗಡಿಯ ಹಿಂದಿನ ಮನೆಯಲ್ಲಿ ಟೀಚರ್ ಇದ್ದರು. ಗಿಡ್ಡ ಆಳು, ಗಂಜಿ ಹಾಕಿದ ಸೀರೆ, ಹಣೆಯಲ್ಲಿ ಕಂಡೂ ಕಾಣದ ವಿಭೂತಿ. ಭಾನುವಾರ ಚಿಕ್ಕಮಗಳೂರಿಗೆ ಬಸ್ ಹತ್ತುತ್ತಿದ್ದರು. ತರಕಾರಿಗಲ್ಲ, ಮದುವೆಗಲ್ಲ, ಮ್ಯಾಟ್ನಿಗೆ. ರಾಜರು, ಕತ್ತಿ, ಕುದುರೆ ಇರುವ ಯಾವ ಸಿನಿಮಾ ಬಂದರೂ ಟೀಚರ್ ಹಾಜರು. ಯಾವ ಭಾಷೆಯದಾದರೂ ಆಗಬಹುದು. ನಾವು ಹುಡುಗರೂ ಅದೇ ಸಿನಿಮಾಕ್ಕೆ ಹೋಗಿ ಅವರ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆವು. ಪರದೆಗಿಂತ ಅವರನ್ನು ನೋಡುವುದೇ ಮಜಾ.

ಕೋಟೆ, ದರ್ಬಾರು, ಹಾಡು ಇವುಗಳನ್ನೆಲ್ಲ ಕನ್ನಡಕ ಹಾಕಿಕೊಂಡು ನೋಡುತ್ತಿದ್ದರು. ಕಹಳೆ ಊದಿ ಯುದ್ಧ ಶುರುವಾದ ಕೂಡಲೇ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಯುದ್ಧ ಮುಗಿದ ಮೇಲೆ ಮತ್ತೆ ಕಣ್ಣಿಗೆ. ಒಂದು ಸಲ ಇಂಟರ್‌ವಲ್‌ನಲ್ಲಿ ಕೇಳಿಯೇಬಿಟ್ಟೆ.

"ಹಾಕ್ಕೊಂಡ್ರೆ ಸುಳ್ಳು ತೀರಾ ಸ್ಪಷ್ಟ ಕಾಣತ್ತೆ. ತೆಗೆದ್ರೆ ಬಣ್ಣ ಚೆನ್ನಾಗಿದೆ."

"ಮತ್ತೆ ಯಾಕೆ ಬರ್ತೀರ ಟೀಚರ್?"

"ಚೆನ್ನಾಗಿರತ್ತಲ್ಲೋ," ಅಂದರು, ಇಷ್ಟೂ ತಿಳಿಯದೆ ಎನ್ನುವ ಹಾಗೆ.

ಮನುಷ್ಯರು ಸಾಲುಸಾಲಾಗಿ ಉರುಳಿದರೆ ಅವರಿಗೆ ಏನೂ ಆಗುತ್ತಿರಲಿಲ್ಲ. "ಎದ್ದೇಳ್ತಾನೆ ಬಿಡು" ಎಂದು ಕಡಲೆಬೀಜ ಬಿಡಿಸುತ್ತಿದ್ದರು. ಕುದುರೆ ಮುಗ್ಗರಿಸಿದರೆ ಮಾತ್ರ "ಅಯ್ಯೋ ಪಾಪ" ಎಂದು ಮುಂದಕ್ಕೆ ಬಾಗುತ್ತಿದ್ದರು. "ಅದಕ್ಕೆ ಇದು ಸಿನಿಮಾ ಅಂತ ಯಾರೂ ಹೇಳಿರಲ್ಲ."

ಸೋಮವಾರದ ಮೊದಲ ಪೀರಿಯಡ್ಡು ಹಿಂದಿನ ದಿನದ ಯುದ್ಧದ ಪೋಸ್ಟ್‌ಮಾರ್ಟಂ. ಒಮ್ಮೆ ನಾಯಕ ಬೆನ್ನಿಗೆ ಕಟ್ಟಿಕೊಂಡ ಒರೆಯಿಂದ ಉದ್ದ ಕತ್ತಿಯನ್ನು ಸರ್‍ರನೆ ಎಳೆದ ದೃಶ್ಯಕ್ಕೆ ನಾನು ಶಿಳ್ಳೆ ಹೊಡೆದಿದ್ದೆ. ಮರುದಿನ ಟೀಚರ್ ಡ್ರಿಲ್ ಮಾಸ್ತರರ ಹತ್ತಿರ ಪೈಪ್ ತರಿಸಿ, ಅದನ್ನು ನನ್ನ ಬೆನ್ನಿಗೆ ಕಟ್ಟಿಸಿ, ಒಳಗೆ ಬೋರ್ಡಿನ ಉದ್ದದ ಸ್ಕೇಲು ಇಳಿಸಿದರು. "ಎಳಿ" ಅಂದರು. ಎಳೆದೆ. ಕೈ ಪೂರ್ತಿ ಮೇಲೆ ಹೋಯಿತು, ಸ್ಕೇಲು ಇನ್ನೂ ಪೈಪಿನಲ್ಲೇ ಇತ್ತು. ಬಗ್ಗಿದೆ, ತಿರುಗಿದೆ, ಒಂದು ಸಲ ಕಿವಿ ಕುಯ್ದುಕೊಂಡೆ. ಮುಂದಿನ ಬೆಂಚಿನವಳನ್ನು ಕರೆದು ಕೈಗೊಂದು ಸೀಮೆಸುಣ್ಣ ಕೊಟ್ಟರು. ಅವಳು ನಿಧಾನವಾಗಿ ನಡೆದುಬಂದು ನನ್ನ ಶರ್ಟಿನ ಮೇಲೆ ಗೀಟು ಹಾಕಿದಳು.

"ನೀನೀಗ ಸತ್ತೆ. ಕೂತ್ಕೋ."

ಲೆಕ್ಕ ಹಾಕಿದರೆ, ಗುಡ್ಡದ ಮೇಲೆ ಸಾಯುವುದಕ್ಕೆ ಮೊದಲೇ ನನಗೆ ಅನುಭವ ಇತ್ತು.

ಎರಡು ಸೈನ್ಯಗಳು ಓಡಿಬಂದು ಕಲಸಿದ ಅನ್ನದಂತೆ ಬೆರೆತುಹೋಗುವುದನ್ನು ಅವರು ಒಪ್ಪುತ್ತಲೇ ಇರಲಿಲ್ಲ. "ಕಬಡ್ಡಿ ಆಡ್ತೀರಲ್ಲ, ಕೈ ಬಿಟ್ಟೋನು ತಾನೆ ಮೊದ್ಲು ಔಟಾಗೋದು? ಸಾಲು ಬಿಟ್ಟೋಡೋನು ವೀರ ಅಲ್ಲ, ಪೆದ್ದ." ಮಳೆ ಸುರಿಯುವಾಗ ನಡೆಯುವ ಯುದ್ಧಗಳ ಬಗ್ಗೆ ಕೇಳಿದರೆ, "ನಮ್ ಕಡೆ ಜೂನಲ್ಲಿ ಯುದ್ಧಕ್ಕೆ ಬಂದ ರಾಜನಿಗೆ ಶತ್ರು ಯಾಕೆ ಬೇಕು, ರಕ್ತ ಹೀರೋಕೆ ಇಂಬಳ ಸಾಲ್ದಾ?" ಅನ್ನುತ್ತಿದ್ದರು. ಇನ್ನೊಂದು ಮಾತನ್ನು ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದರು: ಯುದ್ಧ ಎಂದರೆ ಮುಕ್ಕಾಲು ಪಾಲು ಮೈಲಿಗಟ್ಟಲೆ ನಡೆಯುವುದು, ಮಿಕ್ಕಿದ್ದರಲ್ಲಿ ಮುಕ್ಕಾಲು ಪಾಲು ಕಾಯುವುದು.

ಹಾಗೆಂದು ಅವರನ್ನು ದೇವರ ಕೋಣೆಗೆ ಸೇರಿಸಬೇಕಾಗಿಲ್ಲ. ಮಾರ್ಕ್ಸ್ ಕೊಡುವುದರಲ್ಲಿ ಜುಗ್ಗಿ. ಭೂಕಂದಾಯದ ಪಾಠವನ್ನು ಅವರಷ್ಟು ಒಣಗಿಸಿ ಹೇಳಿದವರು ಇನ್ನೊಬ್ಬರಿಲ್ಲ. ಸ್ಕೂಲ್ ಡೇ ನಾಟಕದಲ್ಲಿ ಪರದೆ ಏಳುವ ಗಳಿಗೆಗೆ ಬಂದು, ಮಂತ್ರಿ ಕ್ಯಾನ್ವಾಸ್ ಶೂ ಹಾಕಿದ್ದಾನೆಂದು ತಡೆದು ನಿಲ್ಲಿಸಿದರು. ಡಿಸೆಂಬರ್ ಚಳಿಯಲ್ಲಿ ಇಡೀ ರಾಜಸಭೆ ಬರಿಗಾಲಲ್ಲಿ ಕುಣಿಯುತ್ತಾ ಮಾತಾಡಿತು. ರಾಜ ನಾನೇ. ಹಲ್ಲು ಕಟಕಟ ಎನ್ನುತ್ತಿದ್ದುದರಿಂದ ನನ್ನ ಘರ್ಜನೆ ಯಾರಿಗೂ ಅರ್ಥವಾಗಲಿಲ್ಲ. ಇತಿಹಾಸ ಉಳಿಯಿತು, ನಾಟಕ ಹೋಯಿತು. ಆ ಬಗ್ಗೆ ಅವರಿಗೆ ಕಿಂಚಿತ್ತೂ ಬೇಸರವಾದಂತೆ ಕಾಣಲಿಲ್ಲ.

ಅವರು ರಿಟೈರ್ ಆದ ಮೇಲೆ ಸಿನಿಮಾದವರು ಬಂದರು. ಅವರಿಗೆ ಬೇಕಾಗಿದ್ದದ್ದು ಕುದುರೆಮುಖದ ಹುಲ್ಲುಗುಡ್ಡ. ಅಲ್ಲಿ ಕುದುರೆ, ಜನ, ಜನರೇಟರು ಇಳಿಸಲು ಅಪ್ಪಣೆ ಸಿಗಲಿಲ್ಲವಂತೆ. ಕೊನೆಗೆ ಜಾವಳಿ ಕಡೆಯ ಒಂದು ಊರಿನ ಗೌಡರು ತಮ್ಮ ತೋಟದ ನೆತ್ತಿಯ ಬೋಳುಗುಡ್ಡವನ್ನು ಬಿಟ್ಟುಕೊಟ್ಟರು. ಸಿನಿಮಾದ ಕತೆಯೂ ಆ ಊರಿನದೇ. ಊರಿನ ಗದ್ದೆಯಂಚಿನಲ್ಲಿ ಒಂದು ವೀರಗಲ್ಲು ಇದೆ, ಬೀರನ ಕಲ್ಲು ಅನ್ನುತ್ತಾರೆ. ಕತ್ತಿ ಹಿಡಿದ ಒಬ್ಬ ಮನುಷ್ಯ ಅದರಲ್ಲಿದ್ದಾನೆ. ಅಕ್ಷರಗಳು ಸವೆದುಹೋಗಿ ಅವನ ಹೆಸರು ಯಾರಿಗೂ ಗೊತ್ತಿಲ್ಲ. ಟೀಚರ್ ಪ್ರತಿ ವರ್ಷ ಒಂಬತ್ತನೇ ಕ್ಲಾಸನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ನಾವು ನೋಡಬೇಕಾಗಿದ್ದದ್ದು ಆ ಮನುಷ್ಯನನ್ನಲ್ಲ, ಅವನ ಕಾಲ ಬಳಿ, ಹುಲ್ಲಿನಲ್ಲಿ ಅರ್ಧ ಮುಚ್ಚಿಹೋದ ಸಾಲನ್ನು. ಹುಲ್ಲು ಸರಿಸಿದರೆ ನಾಲ್ಕು ಹಸು, ಒಂದು ಕರು. ದನ ಹೊಡೆದುಕೊಂಡು ಹೋಗಲು ಬಂದ ಕಳ್ಳರಿಗೆ ಅಡ್ಡ ನಿಂತು ಸತ್ತವನು. ಇಂಥ ಕಲ್ಲುಗಳು ನಾಡಿನ ತುಂಬ ಇವೆ, ಇದು ನಿಮ್ಮ ಕಡೆಯದು ಅಷ್ಟೇ ಎಂದು ಟೀಚರ್ ಹೇಳುತ್ತಿದ್ದರು.

ಸಲಹೆಗಾರರಾಗಲು ಅವರು ಒಪ್ಪಿದ್ದು ನಮಗೆಲ್ಲ ಆಶ್ಚರ್ಯ. ಗೌಡರು ಕೇಳಿದ ಮಾರನೇ ದಿನವೇ ರೇಷ್ಮೆ ಅಂಚಿನ ಸೀರೆ ಉಟ್ಟು ಬಂದಿದ್ದರು. ಪರದೆಯ ಮೇಲೆ ಹೆಸರು ಬರುವ ಆಸೆ ಇತ್ತೆಂದೇ ನನ್ನ ಊಹೆ. ಇದ್ದರೆ ತಪ್ಪೇನು, ನಾನು ಹೆಣವಾಗಲು ಒಪ್ಪಿದ್ದೂ ಅದಕ್ಕೇ.

ಮೊದಲ ದಿನ ಅವರು ಸೈನ್ಯವನ್ನು ಸಾಲಾಗಿ ನಿಲ್ಲಿಸಿ ತೋಳು ನೋಡುತ್ತಾ ಹೋದರು. ತಿರುಗಿ ಬಂದು ಡೈರೆಕ್ಟರಿಗೆ ಹೇಳಿದರು: "ನಿಮ್ಮ ಇಡೀ ಸೈನ್ಯಕ್ಕೆ ಬಿಸಿಜಿ ಆಗಿದೆ." ಎಲ್ಲರ ಎಡದೋಳಿನಲ್ಲೂ ಚುಚ್ಚುಮದ್ದಿನ ಕಲೆ. ಮೇಕಪ್ಪಿನವನು ಒಂದು ಬೆಳಿಗ್ಗೆಯಿಡೀ ತೋಳುಗಳಿಗೆ ಬಣ್ಣ ಹಚ್ಚಿದ. ಎರಡನೆಯ ದಿನ ಗುಡ್ಡದ ಹಿಂದಿನ ಸಿಲ್ವರ್ ಓಕ್ ಮರಗಳನ್ನು ತೋರಿಸಿದರು. "ಇವು ಕಾಫಿ ತೋಟದ ನೆರಳಿಗೆ ಅಂತ ಆಚೆ ದೇಶದಿಂದ ಬಂದಿದ್ದು. ನಿಮ್ಮ ನಾಯಕ ಸತ್ತು ಎಷ್ಟೋ ಕಾಲ ಆದ್ಮೇಲೆ."

ಡೈರೆಕ್ಟರ್ ಸುತ್ತ ನೋಡಿದರು. ಕಣ್ಣು ಹೋದಲ್ಲೆಲ್ಲ ಸಿಲ್ವರ್ ಓಕ್. "ಅವನ್ನೆಲ್ಲ ಆಮೇಲೆ ತೆಗೀತೀವಿ ಮೇಡಂ."

ಗೌಡರು ದಡಬಡಿಸಿ ಮುಂದೆ ಬಂದರು. "ತೆಗೆಯೋದಾ? ಎಂಥ ತೆಗೆಯೋದು ಸ್ವಾಮಿ? ಒಂದೊಂದು ಮರಕ್ಕೂ ಮೆಣಸಿನ ಬಳ್ಳಿ ಹಬ್ಸಿದೀನಿ!"

ಕಂಪ್ಯೂಟರಿನಲ್ಲಿ ತೆಗೆಯುವುದೆಂದು ಅವರಿಗೆ ತಿಳಿಸಿ ಹೇಳುವ ಹೊತ್ತಿಗೆ ಬಿಸಿಲು ಇಳಿದಿತ್ತು.

ಹಸುಗಳು ಕತೆಯಿಂದ ಹೋದದ್ದು ಮೂರನೆಯ ದಿನ. ಅದಕ್ಕೆ ಡೈರೆಕ್ಟರನ್ನು ಮಾತ್ರ ದೂರುವಂತಿಲ್ಲ. ಟೀಚರ್ ಮಾತಿಗೆ ಕಟ್ಟುಬಿದ್ದು ಊರಿನ ನಾಲ್ಕು ಹಸುಗಳನ್ನು ಅವರು ತರಿಸಿದ್ದರು. ನಗಾರಿ ಬಾರಿಸಿದ ಕೂಡಲೇ ನಾಲ್ಕೂ ಬಾಲ ಎತ್ತಿಕೊಂಡು ಗೌಡರ ತೋಟಕ್ಕೆ ನುಗ್ಗಿದವು. ಹೊಸದಾಗಿ ನೆಟ್ಟ ಕಾಫಿ ಗಿಡಗಳು ನೆಲಸಮ. ಗೌಡರು ಎದೆ ಹಿಡಿದುಕೊಂಡು, "ಯುದ್ಧ ಎಷ್ಟ್ ಬೇಕಾದ್ರೂ ಮಾಡ್ಕಳಿ, ದನ ಮಾತ್ರ ಬೇಡ" ಅಂದರು. ಅಲ್ಲಿಗೆ ದನ ಕಾಯಲು ನಿಂತವನು ಸೇನಾಪತಿಯಾದ. ಕಳ್ಳರು ಸಾಮ್ರಾಜ್ಯವಾದರು. ನಾವು ಇನ್ನೂರು ಚಿಲ್ಲರೆ ಜನ ಇದ್ದವರು ಕಂಪ್ಯೂಟರಿನ ಕೃಪೆಯಿಂದ ಐದು ಸಾವಿರ ಆಗುತ್ತೇವೆಂದು ತಿಳಿಯಿತು.

"ನೀವಿನ್ನೂ ಯಾಕೆ ಬರ್ತೀರ ಟೀಚರ್? ಬಿಟ್ಟಾಕಿ," ಅಂದೆ.

"ನಾನೂ ಎದ್ದು ಹೋದ್ರೆ, ಹಸು ಇದ್ವು ಅಂತ ಹೇಳೋಕೆ ಇಲ್ಲಿ ಯಾರಿರ್ತಾರೆ?"

ಮರುದಿನವೂ ಬಂದರು. ರೇಷ್ಮೆ ಅಂಚಿನ ಸೀರೆ ಮಾತ್ರ ಉಟ್ಟಿರಲಿಲ್ಲ.

ಸಿನಿಮಾ ಆಮೇಲೆ ಬಂತು, ಹೋಯಿತು. ಚಿಕ್ಕಮಗಳೂರಿನಲ್ಲಿ ಮೊದಲ ದಿನ ನಮ್ಮ ಕಡೆಯವರೇ ಅರ್ಧ ಟಾಕೀಸು. ನಾಯಕ ಬಾಣ ಚುಚ್ಚಿಸಿಕೊಂಡು ಕೊನೆಯುಸಿರು ಎಳೆಯುತ್ತಿದ್ದಾಗ ಹಿಂದಿನಿಂದ ಯಾರೋ, "ಲೋ, ಗೌಡ್ರ ತೋಟ ಕಣ್ರೋ! ಸಿಲ್ವರ್ ಓಕ್ ನೋಡ್ರೋ!" ಎಂದು ಕೂಗಿದರು. ಚಪ್ಪಾಳೆ ಬಿತ್ತು. ನನ್ನ ಒಂದು ಸಾವೂ ಪರದೆಯ ಮೇಲೆ ಇರಲಿಲ್ಲ. ಟೀಚರ್ ಹೆಸರೂ ಇರಲಿಲ್ಲ, ಅವರೇ ತೆಗೆಸಿದ್ದರು. ಶುರುವಿನಲ್ಲಿ, ಇದೆಲ್ಲ ಕೇವಲ ಕಾಲ್ಪನಿಕ ಎಂಬ ಅಕ್ಷರಗಳು ಬಂದವು. ನನ್ನ ಪಕ್ಕದಲ್ಲಿ ಕೂತಿದ್ದ ಟೀಚರ್ ಅದನ್ನು ತುಟಿ ಅಲುಗಿಸುತ್ತಾ ಪೂರ್ತಿ ಓದಿದರು. ಆಮೇಲೆ ಕನ್ನಡಕ ತೆಗೆದು ಆರಾಮಾಗಿ ಒರಗಿದರು. ಸಿನಿಮಾ ಅವರಿಗೆ ಇಷ್ಟವಾಯಿತು.

ಆ ಅಕ್ಷರಗಳು ಅಲ್ಲಿಗೆ ಹೇಗೆ ಬಂದವೆಂದು ಹೇಳಬೇಕು. ಡೈರೆಕ್ಟರ್ ಅಂದುಕೊಂಡಿದ್ದದ್ದು ಬೇರೆಯೇ. ಸಿನಿಮಾ ಇದೇ ಮಣ್ಣಿನ ನಿಜವಾದ ಇತಿಹಾಸ ಎಂದು ಶುರುವಾಗಬೇಕು. ಹಾಗೆಂದು ಟೀಚರ್ ಕ್ಯಾಮೆರಾದ ಮುಂದೆ, ಕಲ್ಲಿನ ಪಕ್ಕ ನಿಂತು ಹೇಳಬೇಕು. ಕಲ್ಲು ಎಂದರೆ ಹಳೆಯದಲ್ಲ. ಶೂಟಿಂಗಿನ ಕೊನೆಯ ದಿನಕ್ಕೆ ಲಾರಿಯಲ್ಲಿ ಒಂದು ಹೊಸ ವೀರಗಲ್ಲು ಬಂದಿಳಿಯಿತು. ಆಳೆತ್ತರ, ಫೈಬರಿನದ್ದು, ಕಲ್ಲಿನ ಬಣ್ಣ ಬಳಿದದ್ದು. ನಾಯಕನ ಮುಖ, ಅವನ ಕಾಲ ಬಳಿ ಹಸುಗಳ ಬದಲು ಸೊಂಡಿಲೆತ್ತಿ ಬಿದ್ದ ಆನೆಗಳು. ಅದನ್ನು ಊರಿಗೆ ಕಾಣಿಕೆಯಾಗಿ ಗದ್ದೆಯಂಚಿನಲ್ಲಿ ನಿಲ್ಲಿಸುವುದು, ಹಳೆಯ ಕಲ್ಲನ್ನು ಕಿತ್ತು ದೇವಸ್ಥಾನದ ಹಿಂದೆ ಒರಗಿಸುವುದು ಎಂದು ಮಾತಾಗಿತ್ತು. ಹಾರೆ ಗುದ್ದಲಿಯೂ ಬಂದಿದ್ದವು.

ಊರಿನವರಿಗೆ ಇದು ಬೇಕಿತ್ತು. ಅದನ್ನು ಮುಚ್ಚಿಡುವುದೇಕೆ, ನನಗೂ ಬೇಕಿತ್ತು. ದನ ಕಾದವನ ಸೀಮೆಯವರು ಅನ್ನಿಸಿಕೊಳ್ಳುವುದಕ್ಕಿಂತ ಸೇನಾಪತಿಯ ಸೀಮೆಯವರು ಅನ್ನಿಸಿಕೊಳ್ಳುವುದು ಯಾರಿಗೆ ಬೇಡ? ಗೌಡರು ಆಗಲೇ ಹೋಂಸ್ಟೇಗೆ ಸೇನಾಪತಿಯ ಹೆಸರಿಡಲು ಯೋಚಿಸಿದ್ದರು.

ಟೀಚರ್ ಬಂದು ಹೊಸ ಕಲ್ಲನ್ನು ನೋಡಿದರು. ಬೆರಳಿನಿಂದ ತಟ್ಟಿದರು. ಡಬಡಬ ಎಂದಿತು.

"ಇದನ್ನ ನಿಲ್ಸಿ, ಪರವಾಗಿಲ್ಲ. ಸಿನಿಮಾದ್ದು ಅಂತ ಬೋರ್ಡ್ ಹಾಕಿ. ಹಳೇದನ್ನ ಮುಟ್ಟಬೇಡಿ. ನಿಜ ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡಿ."

"ಟೀಚರ್, ಒಂದು ಹ್ಞೂಂ ಅನ್ನಿ ಸಾಕು," ಎಂದು ಗೌಡರು ಕೈಮುಗಿದರು. "ನೀವು ಹ್ಞೂಂ ಅಂದ್ರೆ ಯಾರೂ ಎದುರು ಮಾತಾಡಲ್ಲ. ಊರಿಗೆ ಒಂದು ಹೆಸರು ಬರತ್ತೆ. ನಮ್ಮೂರೇ ಬೆಳೆಯೋದು ನಿಮ್ಗೆ ಬೇಡ್ವಾ?"

"ಬೇಕು ಗೌಡ್ರೇ."

"ಮತ್ತೆಂಥ ಹಟ ಮಾರಾಯ್ರೇ ನಿಮ್ದು!"

ಟೀಚರ್ ಛತ್ರಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. ಸುತ್ತ ನಿಂತವರಲ್ಲಿ ಮುಕ್ಕಾಲು ಪಾಲು ಅವರ ಹಳೆಯ ವಿದ್ಯಾರ್ಥಿಗಳು. ಹುಲ್ಲು ಸರಿಸಿ ಹಸುಗಳನ್ನು ಮುಟ್ಟಿ ನೋಡಿದವರು. ಎಲ್ಲರೂ ಈಗ ಹೊಸ ಕಲ್ಲನ್ನೇ ನೋಡುತ್ತಿದ್ದರು. ಎಲ್ಲರ ದನಿಯನ್ನೂ ಮಾಡಬಲ್ಲ ನನ್ನ ಗಂಟಲಿನಿಂದ ನನ್ನದೇ ದನಿ ಹೊರಡಲಿಲ್ಲ.

ಆಗ ಗದ್ದೆಯ ಬದುವಿನ ಮೇಲೆ ಒಬ್ಬ ಹೆಂಗಸು ಚೊಂಬು ಹಿಡಿದು ಬಂದರು. ಅವರ ಮನೆಯ ಹಸು ಕರು ಹಾಕಿತ್ತು. ಆ ಊರಿನಲ್ಲಿ ಹಸು ಈದರೆ ಗಿಣ್ಣದ ಹಾಲನ್ನು ಮನೆಯವರು ಬಾಯಿಗೆ ಹಾಕಿಕೊಳ್ಳುವ ಮೊದಲು ಬೀರನ ಕಲ್ಲಿಗೆ ಎರೆಯುತ್ತಾರೆ. ಯಾಕೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ, ಹಿಂದಿನಿಂದ ನಡೆದುಬಂದದ್ದು ಅನ್ನುತ್ತಾರೆ. ಆ ಹೆಂಗಸು, "ಸ್ವಲ್ಪ ಜಾಗ ಬಿಡ್ರೋ" ಎಂದು ಲೈಟಿನವರನ್ನು ಸರಿಸಿಕೊಂಡು ಬಂದು, ಚೊಂಬನ್ನು ಫೈಬರ್ ಕಲ್ಲಿನ ತಲೆಯ ಮೇಲಿಟ್ಟು, ಸೆರಗು ಸಿಕ್ಕಿಸಿಕೊಂಡರು. ಮತ್ತೆ ಚೊಂಬು ತೆಗೆದುಕೊಂಡು ಹಳೆಯ ಕಲ್ಲಿನ ಬುಡದ ಹುಲ್ಲು ಸರಿಸಿ, ಹಸುಗಳ ಸಾಲಿನ ಮೇಲೆ ಹಾಲು ಎರೆದು, ಕೈಮುಗಿದು, ಬಂದ ದಾರಿಯಲ್ಲೇ ಹೋದರು. ಕ್ಯಾಮೆರಾದ ಕಡೆ ತಿರುಗಿಯೂ ನೋಡಲಿಲ್ಲ.

ಡೈರೆಕ್ಟರಿಗೆ ಬೆಳಕು ಹೋಗುವ ಚಿಂತೆ. "ಮೇಡಂ, ಅರ್ಥ ಮಾಡ್ಕೊಳಿ. ನಾಲ್ಕು ಹಸುಗೋಸ್ಕರ ಸತ್ತ ಅಂದ್ರೆ ಯಾರು ನೋಡ್ತಾರೆ? ನಾನು ಅವನಿಗೆ ಎಂಥಾ ಯುದ್ಧ ಕೊಟ್ಟಿದೀನಿ! ಐದು ಸಾವಿರ ಜನ! ಯಾರೂ ಅಲ್ದೋನನ್ನ ಇಷ್ಟು ದೊಡ್ಡೋನು ಮಾಡಿದೀನಿ. ಒಂದು ಹ್ಞೂಂ ಅನ್ನೋಕೆ ಏನು ಕಷ್ಟ ನಿಮಗೆ?"

ಟೀಚರ್ ಕನ್ನಡಕ ತೆಗೆಯಲಿಲ್ಲ. ದನಿಯೂ ಏರಲಿಲ್ಲ, ಹಾಜರಿ ಕರೆಯುವಾಗಿನ ದನಿಯೇ.

"ಇವನು ನಾಲ್ಕು ಹಸು ಉಳಿಸ್ದ, ಊರು ಇನ್ನೂ ಹಾಲು ಎರೀತಿದೆ. ನೀವು ಊಟದ ಹೊತ್ತಿಗೆ ಮುಂಚೆ ಐದು ಸಾವಿರ ಜನನ್ನ ಕೊಂದ್ರಲ್ಲ, ಅವ್ರಲ್ಲಿ ಒಬ್ಬನಾದ್ರೂ ಯಾರ ಮನೆಯವನು ಅಂತ ಹೇಳಿ, ನಾನು ಹ್ಞೂಂ ಅಂತೀನಿ."